ರೇಣುಕಾಳ ಕಾಲಿಗೆ ಕಟ್ಟಿದ ಗಂಟೆ

ಈ ಹುಡುಗಿ ಒಂದು ಕಡೆ ಕೂಡುವುದು ಆಗದ ಮಾತು ಎಂದು ಮೊದಲ ದಿನವೇ ನನ್ನ ಮುಖಕ್ಕೆ ಹೇಳಿದವಳು ವಳಕಮದಿನ್ನಿಯ ದುರುಗಮ್ಮ. ಹುಡುಗಿ ಎಂದರೆ ಅವಳ ಮೊಮ್ಮಗಳು ರೇಣುಕಾ. ಆರು ವರ್ಷ. ಮಾತಿಲ್ಲ, ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ, ಬಾಗಿಲು ತೆರೆದಿದ್ದರೆ ಮನೆಯಲ್ಲಿ ಇರುವುದಿಲ್ಲ. ಆಟಿಸಂ ಎಂದು ಡಾಕ್ಟರು ಬರೆದುಕೊಟ್ಟ ಚೀಟಿ ದೇವರ ಪಟದ ಹಿಂದೆ ಇತ್ತು.

"ನೀವು ಏನ್ ಬೇಕಾದ್ರೂ ತಂದು ಕೊಡ್ರಿ ಮಾಸ್ತರ, ಆಕಿ ಕುಂದ್ರಂಗಿಲ್ಲ. ಕಾಲುವಿಗಿ ನೀರು ಬಿಟ್ರಂದ್ರ ನಾಟಿ ಸುರು ಆಗ್ತೈತಿ. ನಾನು, ಸೊಸಿ ಇಬ್ರೂ ಗದ್ದಿಗಿ ಇಳೀಬೇಕು. ಅವತ್ತಿಂದ ಈಕಿನ್ನ ಕಂಬಕ್ಕ ಕಟ್ಟಿ ಹೋಗಾಕಿ ನಾನು. ನೀವು ಬ್ಯಾಡ ಅಂದ್ರೂ ಕೇಳಂಗಿಲ್ಲ."

ಕಂಬಕ್ಕೆ ಸುತ್ತಿಟ್ಟಿದ್ದ ಹಗ್ಗವನ್ನೂ ತೋರಿಸಿದಳು. ನೂಲಿನ ಹೊಸ ಹಗ್ಗ, ಮೆತ್ತಗಿನದು. ಕೂಸಿನ ಸೊಂಟಕ್ಕೆ ಚುಚ್ಚಬಾರದೆಂದು ಸಿಂಧನೂರಿನ ಸಂತೆಯಲ್ಲಿ ನಾಲ್ಕು ಅಂಗಡಿ ಹುಡುಕಿ ತಂದದ್ದಂತೆ.

ಇದೆಲ್ಲ ನೆನಪಾದದ್ದು ಮೊನ್ನೆ, ಲಿಂಗಸುಗೂರಿನ ಆಟಿಕೆ ಅಂಗಡಿಯಲ್ಲಿ. ನಾನೀಗ ಅದೇ ಊರಿನಲ್ಲಿ ವಿಶೇಷ ಮಕ್ಕಳ ಶಿಕ್ಷಕ. ಒಬ್ಬ ತಂದೆ ತನ್ನ ಮಗನಿಗೆ ಆಟಿಕೆ ಆರಿಸಿಕೊಡಿ ಎಂದು ಕರೆದುಕೊಂಡು ಹೋಗಿದ್ದ. ಅಂಗಡಿಯವನು ಹೊಸ ಡಬ್ಬಿ ಒಡೆದಾಗ ಹಸಿ ರಬ್ಬರಿನ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ನಾನು ಒಂದೊಂದೇ ಆಟಿಕೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸತೊಡಗಿದೆ.

"ಏನ್ ಸರ್, ಒಳಗ ಹುಳ ಬಿದ್ದಾವೇನು ನೋಡಾಕತ್ತೀರಿ?" ಎಂದು ಅಂಗಡಿಯವನು ನಕ್ಕ. ಆ ತಂದೆಯೂ ನಕ್ಕ. ನನಗೆ ನಗು ಬರಲಿಲ್ಲ.

ನಮ್ಮದು ಗುರುಗುಂಟಾ. ಕುರಿ ಕಾಯುವ ಮನೆ. ನಮ್ಮ ಮನೆತನದಲ್ಲಿ ಹತ್ತನೇ ತರಗತಿ ದಾಟಿದವನು ನಾನೇ ಮೊದಲು, ಡಿಗ್ರಿ ಮುಗಿಸಿದವನೂ ನಾನೇ ಮೊದಲು. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಬೆಳಗಿನ ಬಸ್ಸಿಗೆ ಲಿಂಗಸುಗೂರಿನ ಕಾಲೇಜು, ಮಧ್ಯಾಹ್ನದ ಬಸ್ಸಿಗೆ ವಾಪಸ್ಸು, ಇಳಿದ ಕೂಡಲೇ ಪುಸ್ತಕದ ಚೀಲ ಅವ್ವನಿಗೆ ಕೊಟ್ಟು ಅವಳ ಕೈಯ ಕೋಲು ಇಸಿದುಕೊಳ್ಳುವುದು. ಮೂರು ವರ್ಷ ಹೀಗೇ ಓದಿದೆ. ಆಮೇಲೆ ಸಿಂಧನೂರಿನಲ್ಲಿ ವಿಶೇಷ ಶಿಕ್ಷಣದ ಎರಡು ವರ್ಷದ ಡಿಪ್ಲೊಮಾ ಸೇರಿದೆ. ಅದರ ಕೊನೆಯ ಪರೀಕ್ಷೆಯೇ ರೇಣುಕಾ. ಒಂದು ಮಗು, ಒಂದು ಹಂಗಾಮು. ಆ ಮಗುವಿಗೆ ಒಗ್ಗುವ ಸಂವೇದನಾ ಆಟಿಕೆಗಳನ್ನು ಆರಿಸಬೇಕು. ಎಂದರೆ ಮುಟ್ಟಿ, ಒತ್ತಿ, ನೋಡಿ, ಕೇಳಿ ಮೈಮನಸ್ಸು ತಹಬಂದಿಗೆ ಬರುವಂಥ ಸಾಮಾನು. ಅದರಿಂದ ಏನಾಯಿತೆಂದು ಫೈಲು ಬರೆಯಬೇಕು.

ನಮ್ಮ ಮೇಡಂ ಒಂದೇ ಮಾತು ಹೇಳಿದ್ದರು: "ಹಾಳೆಯ ಮಧ್ಯೆ ಗೆರೆ ಎಳೆಯಿರಿ. ಮಗು ಏನನ್ನು ಹುಡುಕಿಕೊಂಡು ಹೋಗುತ್ತೆ ಅನ್ನೋದು ಎಡಕ್ಕೆ, ಏನನ್ನು ತಪ್ಪಿಸಿಕೊಳ್ಳುತ್ತೆ ಅನ್ನೋದು ಬಲಕ್ಕೆ. ಎರಡೂ ತುಂಬಿದ ಮೇಲೆ ಅಂಗಡಿಗೆ ಹೋಗಿ."

ನಾನು ಅಂಗಡಿಗೆ ಮೊದಲು ಹೋದೆ. ಬಣ್ಣದ ದೀಪ ಹೊತ್ತಿ ತಿರುಗುವ ಬುಗುರಿ, ಒತ್ತಿದರೆ ಕೀಂ ಎನ್ನುವ ಬಾತುಕೋಳಿ, ಮುಳ್ಳುಮುಳ್ಳಿನ ರಬ್ಬರ್ ಚೆಂಡು, ಎಳೆದಷ್ಟೂ ಉದ್ದವಾಗುವ ದಾರ. ಊರಿಗೆ ಹೋಗಿ ಬರುವಾಗ ಮಸ್ಕಿಯಲ್ಲಿ ಬಸ್ಸು ಬದಲಿಸುತ್ತಿದ್ದೆ. ಅಲ್ಲಿ ಬಸ್ ನಿಲ್ದಾಣದ ಎದುರು ನನ್ನ ಸೋದರಮಾವ ನಿಂಗಪ್ಪನ ಚಹಾ ಹೋಟೆಲು. ಚೀಲದಲ್ಲಿ ಇಣುಕಿ ನೋಡಿ ಗಿರಾಕಿಗಳಿಗೆಲ್ಲ ಕೇಳುವಂತೆ ಕೂಗಿದ:

"ಏನಲೇ ಅಳಿಯಾ, ಡಿಗ್ರಿ ಮಾಡಿ ಗಿಲಕಿ ಮಾರಾಕ ಹೊಂಟ್ಯಾ?"

"ಮಾರಾಕಲ್ಲ ಮಾವ, ಕಲಸಾಕ."

"ಗಿಲಕಿ ಆಡಿಸಾಕ ನಿಮ್ಮವ್ವ ಸಾಲಿ ಕಲ್ತಿದ್ಲೇನು? ನೀ ಬರೋಬ್ಬರಿ ಬೆಳದಿಲ್ಲೇನು?"

ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡೇ ವಳಕಮದಿನ್ನಿಗೆ ಹೋದೆ. ರೇಣುಕಾ ಬುಗುರಿಯ ದೀಪ ನೋಡಿ ಕಣ್ಣು ಮುಚ್ಚಿ ಓಡಿದಳು. ಚೆಂಡನ್ನು ಮೂಸಿ ಬಿಟ್ಟಳು. ಬಾತುಕೋಳಿಯನ್ನು ಮಾತ್ರ ಎತ್ತಿಕೊಂಡು ಹೋಗಿ ನೀರಿನ ಹರವಿಯೊಳಗೆ ಮೊಣಕೈತನಕ ಮುಳುಗಿಸಿ ಹಿಡಿದಳು. ಬಹಳ ಹೊತ್ತು ಹಿಡಿದಳು. 'ನೀರು ಇಷ್ಟ' ಎಂದು ಎಡಗಡೆ ಬರೆದೆ. ದಣಿದಾಗ ಅವಳು ಮೂಲೆಯ ಭತ್ತದ ಚೀಲಗಳೆರಡರ ನಡುವೆ ನುಗ್ಗಿ ಸಿಕ್ಕಿಕೊಂಡು ನಿಲ್ಲುತ್ತಿದ್ದಳು. ಅದನ್ನೂ ಕಂಡಿದ್ದೆ. ಚೀಲ ಆಟಿಕೆಯಲ್ಲ ಎಂದು ಬರೆಯಲಿಲ್ಲ.

ಒಂದು ತಿಂಗಳು ಹೀಗೇ ಹೋಯಿತು. ನೀರು ಬಿಡುವ ದಿನ ಹತ್ತಿರ ಬಂತು. ದುರುಗಮ್ಮನ ಮನೆ ಊರಿನ ಅಂಚಿನಲ್ಲಿ. ಹಿಂದೆ ಗದ್ದೆ, ಮುಂದೆ ರಸ್ತೆ, ರಸ್ತೆ ದಾಟಿದರೆ ಕಾಲುವೆ. ಮಗ ಭತ್ತ ಕೊಯ್ಯುವ ಮಷೀನಿನ ಡ್ರೈವರ್, ಊರೂರು ತಿರುಗುವವನು. ಸೊಸೆ ಹುಲಿಗೆಮ್ಮ, ಅಂದರೆ ರೇಣುಕಾಳ ತಾಯಿ, ಹೆಚ್ಚು ಮಾತಿನವಳಲ್ಲ. ಒಂದು ಸಂಜೆ ನನ್ನನ್ನು ಕಳಿಸಲು ರಸ್ತೆಯವರೆಗೆ ಬಂದು, "ಏನಾರ ಮಾಡ್ರಿ ಮಾಸ್ತರ. ಕಂಬಕ್ಕ ಕಟ್ಟಿದ ಕೂಸಿನ್ನ ನೋಡಿಕೋಂತ ನನಗ ಉಣ್ಣಾಕ ಆಗಂಗಿಲ್ಲ" ಎಂದಳು.

ಆ ವಾರ ಊರಿಗೆ ಹೋದಾಗ ಗೋಡೆಯ ಗೂಟದಲ್ಲಿ ಕಂಡದ್ದು ಮರಿಗಳ ಗಂಟೆ. ಹಿಂಡು ಬಿಟ್ಟು ಹೋಗುವ ಚಾಳಿಯ ಮರಿಗೆ ನಾವು ಅದನ್ನು ಕಟ್ಟುತ್ತೇವೆ. ಸದ್ದು ಬರುತ್ತಿದ್ದರೆ ಮರಿ ಓಡಾಡುತ್ತಿದೆ. ಸದ್ದು ನಿಂತರೆ ಎಲ್ಲೋ ಮಲಗಿ ಮೆಲುಕು ಹಾಕುತ್ತಿದೆ. ಬೆನ್ನು ಮಾಡಿ ಕುಳಿತೂ ಕಾಯಬಹುದು. ನನಗೆ ತಲೆಯಲ್ಲಿ ದೀಪ ಹೊತ್ತಿದಂತಾಯಿತು. ಎಷ್ಟೊಂದು ಓದಿದವರಿಗೆ ಹೊಳೆಯದ್ದು ಕುರಿಗಾರರ ಮಗನಿಗೆ ಹೊಳೆಯಿತು ಎಂದುಕೊಂಡೆ.

"ಕೂಸಿಗಿ ಗಂಟಿ ಕಟ್ತಾರೇನೋ?" ಎಂದಳು ಅವ್ವ.

"ಗೆಜ್ಜಿ ಹಾಕಂಗಿಲ್ಲೇನವ್ವ, ಹಂಗ."

ಅವ್ವ ಎದ್ದು ಗೂಟದ ಗಂಟೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಅತಿ ಚಿಕ್ಕ ಗಂಟೆ ಹುಡುಕಿಕೊಟ್ಟಳು. ಉಣ್ಣೆಯ ದಾರ ಹೊಸೆದು ನಾನೇ ರೇಣುಕಾಳ ಬಲಗಾಲಿಗೆ ಕಟ್ಟಿದೆ, ಮರಿಗೆ ಹಾಕುವ ಗಂಟಿನಲ್ಲೇ, ಬಿಚ್ಚಿಕೊಳ್ಳದ ಹಾಗೆ. ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುತ್ತಿದ್ದರೂ ಸದ್ದು ಕೇಳುತ್ತದೆ, ಸದ್ದು ರಸ್ತೆಯ ಕಡೆ ಹೊರಟರೆ ಓಡಿ ಬನ್ನಿ, ಸದ್ದು ನಿಂತರೆ ಕೂಸು ಕುಂತಿದೆ ಎಂದು ತಿಳಿಯಿರಿ ಎಂದು ಇಬ್ಬರಿಗೂ ಹೇಳಿಕೊಟ್ಟೆ.

"ಓದಿದ ಮಂದಿ ಅಂದ್ರ ಹಿಂಗಿರಬೇಕು ನೋಡು!" ಎಂದು ದುರುಗಮ್ಮ ಹಗ್ಗವನ್ನು ಅಟ್ಟಕ್ಕೆ ಎಸೆದಳು. ಆ ದಿನ ಬಸ್ಸಿನಲ್ಲಿ ಸೀಟು ಸಿಗದೆ ನಿಂತೇ ಬಂದೆ. ಕಾಲು ನೋಯಲಿಲ್ಲ.

ಕಾಲುವೆಗೆ ನೀರು ಬಂತು. ನಾಟಿ ಹಾಡು, ಟ್ರ್ಯಾಕ್ಟರಿನ ಸದ್ದು, ಎಲ್ಲೆಲ್ಲೂ ಕೆಸರಿನ ವಾಸನೆ. ವಾರಕ್ಕೆ ಮೂರು ದಿನ ಹೋಗುತ್ತಿದ್ದೆ. ಹೋಗದ ದಿನದ ವರದಿ ದುರುಗಮ್ಮ ಕೊಡುತ್ತಿದ್ದಳು: "ನಿನ್ನಿ ಭಾಳ ಹೊತ್ತು ಸುಮ್ಕಿತ್ತು ಗಂಟಿ." ನಾನು ಬರೆದುಕೊಳ್ಳುತ್ತಿದ್ದೆ: ಮಗು ಹತ್ತು ನಿಮಿಷ ಕುಳಿತಿತು. ಕಾಲು ಗಂಟೆ ಕುಳಿತಿತು. ಇಪ್ಪತ್ತು ನಿಮಿಷ. ಅಂಕಿ ಏರುವುದನ್ನು ನೋಡಿ ನನ್ನ ಎದೆಯೂ ಏರುತ್ತಿತ್ತು.

ಒಮ್ಮೆ ಹುಲಿಗೆಮ್ಮ, "ಮಾಸ್ತರ, ಈಕಿ ಈಗೀಗ ಬೆರಳ ಮ್ಯಾಲ ನಡೀತಾಳ. ಮೊದ್ಲು ಹಿಂಗ ನಡೀತಿದ್ದಿಲ್ಲ" ಎಂದಳು.

"ಇಂಥ ಮಕ್ಕಳು ಹಂಗ ನಡೀತಾವಕ್ಕ. ಪುಸ್ತಕದಾಗ ಐತಿ," ಎಂದೆ ನಾನು. ಪುಸ್ತಕದಲ್ಲಿ ಇತ್ತು ನಿಜ. ಎಂದಿನಿಂದ ಎಂದು ಕೇಳಬೇಕಿದ್ದವನು ನಾನು. ಕೇಳಲಿಲ್ಲ.

ಮೂರನೆಯ ವಾರದ ಒಂದು ದಿನ. ನನ್ನ ಸರದಿಯ ದಿನವಲ್ಲ. ಬೆಳಗಿನ ಕ್ಲಾಸು ಇರಲಿಲ್ಲವೆಂದು ಹೋದೆ. ಬಸ್ಸು ಇಳಿದು ಮನೆಯ ಹತ್ತಿರ ಬಂದರೂ ಗಂಟೆಯ ಸದ್ದಿಲ್ಲ. ಖುಷಿಯಾಯಿತು. ಮನೆಯ ಹಿಂದಿನ ಗದ್ದೆಯಿಂದ ಹುಲಿಗೆಮ್ಮ ಸೊಂಟ ನೆಟ್ಟಗೆ ಮಾಡಿ, "ಭಾಳ ಹೊತ್ತಾತ್ರಿ ಮಾಸ್ತರ, ಸುಮ್ಕ ಕುಂತಾಳ!" ಎಂದು ಕೂಗಿದಳು. ಅವಳ ಮುಖದಲ್ಲಿ ನಗು ಕಂಡದ್ದು ಅದೇ ಮೊದಲು.

ಮುಂಬಾಗಿಲು ತೆರೆದಿತ್ತು. ಚಿಲಕ ಸರಿಸುವುದನ್ನು ಕೂಸು ಯಾವಾಗಲೋ ಕಲಿತಿತ್ತು. ಪಡಸಾಲೆಯಲ್ಲಿ ಇಲ್ಲ, ಚೀಲಗಳ ನಡುವೆ ಇಲ್ಲ, ಹಿತ್ತಲಲ್ಲಿ ಇಲ್ಲ. ರಸ್ತೆಗೆ ಬಂದೆ. ಎದುರಿಗೆ ಕಾಲುವೆ, ದಂಡೆಗೆ ಒತ್ತಿ ಹರಿಯುವ ಕೆಂಪು ನೀರು.

ಬಟ್ಟೆ ಒಗೆಯುವ ಮೆಟ್ಟಿಲ ಮೇಲೆ ರೇಣುಕಾ ನಿಂತಿದ್ದಳು. ನೀರು ಸೊಂಟದವರೆಗೆ. ಮುಖ ಎಷ್ಟು ಶಾಂತವಾಗಿತ್ತೆಂದರೆ ಆ ಒಂದೂವರೆ ತಿಂಗಳಲ್ಲಿ ನಾನು ಅಂಥ ಮುಖ ನೋಡಿರಲಿಲ್ಲ. ನಾನು ನೋಡುತ್ತಿದ್ದಂತೆ ಇನ್ನೊಂದು ಮೆಟ್ಟಿಲಿಗೆ ಕಾಲು ಚಾಚಿದಳು.

ಕೂಗಲು ಬಾಯಿ ತೆರೆದು ಮುಚ್ಚಿದೆ. ಬೆಚ್ಚಿದರೆ ಬೀಳುತ್ತಾಳೆ. ನೀರು ಹೋಗುವ ಕಡೆಯಿಂದ ದಂಡೆ ಹಿಡಿದು ಇಳಿದೆ. ಎದೆಮಟ್ಟ ನೀರು, ಕಾಲ ಕೆಳಗೆ ಪಾಚಿ, ಸೆಳೆತ. ನಾಲ್ಕು ಮಾರು ದೂರ. ನಾನು ಮುಟ್ಟುವಷ್ಟರಲ್ಲಿ ಅವಳ ಫ್ರಾಕು ನೀರಿನ ಮೇಲೆ ಅರಳಿ ಎದೆಯವರೆಗೆ ಬಂದಿತ್ತು. ತೋಳು ಹಿಡಿದೆ. ಸಿಕ್ಕಿತು.

ಎತ್ತಿ ಮೆಟ್ಟಿಲ ಮೇಲೆ ತಂದೆ. ಕಾಲು ನೀರಿನಿಂದ ಹೊರಗೆ ಬಂದದ್ದೇ ತಡ, ಗಂಟೆ ಕಿಣಿಯೆಂದಿತು. ಕೂಸು ಕಿಟ್ಟನೆ ಚೀರಿ ನನ್ನ ಕೈ ಕಚ್ಚಿ ಮತ್ತೆ ನೀರಿಗೆ ಹಾರಲು ನೋಡಿತು. ಬಿಗಿಹಿಡಿದು ಅವಳ ಪಾದವನ್ನಷ್ಟೇ ನೀರಿಗೆ ಇಳಿಬಿಟ್ಟೆ. ಗಂಟೆ ನಿಂತಿತು. ಚೀರುವುದೂ ನಿಂತಿತು. ಮತ್ತೆ ಎತ್ತಿದೆ, ಗಂಟೆ, ಚೀರು. ಮತ್ತೆ ಇಳಿಸಿದೆ. ಮೌನ.

ಹರವಿಯ ತಳದಲ್ಲಿ ಬಾತುಕೋಳಿಯನ್ನು ಅದುಮಿ ಹಿಡಿದಿದ್ದ ಕೈ ಆಗ ನನಗೆ ಅರ್ಥವಾಯಿತು. ಅವಳಿಗೆ ನೀರು ಬೇಕಾಗಿರಲಿಲ್ಲ. ಆ ಸದ್ದು ಸಾಯಬೇಕಾಗಿತ್ತು. ಸದ್ದು ಬರದಿರಲೆಂದು ಬೆರಳ ಮೇಲೆ ನಡೆದು ನೋಡಿದ್ದಳು, ಅದೂ ಸಾಲದೆ ಕಾಲುವೆಗೆ ಇಳಿದಿದ್ದಳು. ನಾನು ಬರೆದ ಹತ್ತು ನಿಮಿಷ, ಕಾಲು ಗಂಟೆ, ಇಪ್ಪತ್ತು ನಿಮಿಷ, ಅಷ್ಟೂ ಹೊತ್ತು ಅವಳು ಕುಳಿತಿರಲಿಲ್ಲ. ಇದೇ ಮೆಟ್ಟಿಲ ಮೇಲೆ ನಿಂತಿದ್ದಳು. ಒದ್ದೆ ಫ್ರಾಕು ಕಂಡಾಗಲೆಲ್ಲ ಹರವಿಯ ನೀರಾಟವೆಂದೇ ನಾವು ತಿಳಿದಿದ್ದೆವು.

ಒದ್ದೆಯಾದ ಉಣ್ಣೆಯ ಗಂಟು ಬಿಚ್ಚುವುದಿಲ್ಲ. ನಾನು ಹಾಕಿದ ಗಂಟು. ಬಗ್ಗಿ ಹಲ್ಲಿನಿಂದ ಕಡಿದು ಕಿತ್ತೆ. ಗಂಟೆ ಕಾಲುವೆಗೆ ಹೋಯಿತು. ರೇಣುಕಾ ಮೆಟ್ಟಿಲ ಮೇಲೆ ನಿಂತು ಬಲಗಾಲನ್ನು ಒಮ್ಮೆ ಕುಟ್ಟಿ ನೋಡಿದಳು. ಆಮೇಲೆ ಹಿಮ್ಮಡಿಯನ್ನು ಪೂರ್ತಿ ನೆಲಕ್ಕೆ ಊರಿದಳು.

ಚೀರಾಟ ಕೇಳಿ ಹೆಂಗಸರಿಬ್ಬರೂ ಕೆಸರುಗಾಲಲ್ಲೇ ಓಡಿಬಂದರು. ಹೇಳದೆ ಇದ್ದಿದ್ದರೆ ಅವರಿಗೆ ತಿಳಿಯುತ್ತಿರಲಿಲ್ಲ. ಕೂಸು ಉಳಿಸಿದ ಮಾಸ್ತರನೆಂದು ಕಾಲಿಗೆ ಬೀಳುತ್ತಿದ್ದರು. "ಗಂಟಿ ಸಲುವಾಗಿನ ಈಕಿ ನೀರಿಗಿ ಬಂದಾಳಕ್ಕ. ತಪ್ಪು ನಂದು," ಎಂದೆ. ಹುಲಿಗೆಮ್ಮ ಮಗಳನ್ನು ಎದೆಗೆ ಒತ್ತಿಕೊಂಡು ನನ್ನನ್ನು ನೋಡಿದ ನೋಟವನ್ನು ಬರೆಯಲು ನನಗೆ ಬರುವುದಿಲ್ಲ. ದುರುಗಮ್ಮನ ಬಾಯಿಂದ ಅಂದಿನಿಂದ 'ರೀ' ಹೋಯಿತು.

"ಗಂಟಿ ನಿಂದು ಆತು. ಇನ್ನ ಹಗ್ಗ ನಂದು. ನೀ ನಡಿ."

ನಡೆಯಲಿಲ್ಲ. ಮರುದಿನ ಮತ್ತೆ ಹೋದೆ. ಕಂಬಕ್ಕೆ ಕಟ್ಟಿದ್ದರು. ಬಾಗಿಲ ಹೊರಗೇ ಕುಳಿತು ನೋಡಿದೆ, ಚೀಲದಲ್ಲಿ ಒಂದು ಆಟಿಕೆಯೂ ಇಲ್ಲದೆ. ಕೂಸು ಅಳಲಿಲ್ಲ. ಹಗ್ಗ ಎಳೆಯುವಷ್ಟು ದೂರ ಬಂದು, ಇಡೀ ಮೈಭಾರವನ್ನು ಅದರ ಮೇಲೆ ಬಿಟ್ಟು ವಾಲಿ ನಿಂತಳು. ಹಗ್ಗ ಹೊಟ್ಟೆಗೆ ಒತ್ತುತ್ತಿತ್ತು. ಅವಳು ಇನ್ನಷ್ಟು ಒತ್ತಿಸಿಕೊಳ್ಳುತ್ತಿದ್ದಳು. ಭತ್ತದ ಚೀಲಗಳ ನಡುವೆ ನುಗ್ಗುತ್ತಿದ್ದ ಹುಡುಗಿಯಲ್ಲವೇ ಇದು? ಅವಳಿಗೆ ಬೇಕಾದದ್ದು ಒತ್ತು, ಭಾರ. ಹೊಸ ಹಾಳೆ ತೆಗೆದು ನಡುವೆ ಗೆರೆ ಎಳೆದೆ. ಎಡಕ್ಕೆ ಒಂದೇ ಪದ ಬರೆದೆ, ಭಾರ. ಬಲಕ್ಕೆ ಒಂದೇ ಪದ, ಸದ್ದು.

"ಅಮ್ಮಾ, ನಿನಗ ಕೌದಿ ಹೊಲ್ಯಾಕ ಬರತೈತಲ್ಲ," ಎಂದು ದುರುಗಮ್ಮನನ್ನು ಕೇಳಿದೆ. "ತೊಡಿ ಮ್ಯಾಲ ಹಾಸುವಷ್ಟು ಸಣ್ಣದು. ಚೌಕ ಚೌಕ ಹೊಲ್ದು, ಒಂದೊಂದರಾಗ ಒಂದೊಂದು ಮುಷ್ಟಿ ಕಾಳು ತುಂಬಿ, ಬಾಯಿ ಹೊಲೀಬೇಕು."

"ಮೊದ್ಲ ಗಂಟಿ, ಈಗ ಕೌದಿ. ನಾಳಿ ಏನು, ಕಂಬಳಿ ಹೊಚ್ಚಿ ಕುರಿ ಹಿಂಡಿನ್ಯಾಗ ಬಿಡತೀಯೇನು?"

"ಒಂದು ವಾರ ಕೊಡಮ್ಮ. ಆಗಲಿಲ್ಲಂದ್ರ ನಾ ಮತ್ತ ಈ ಓಣಿಗಿ ಬರಂಗಿಲ್ಲ."

ಹುಲಿಗೆಮ್ಮ ಒಳಗಿನಿಂದ ಹಳೆ ಸೀರೆ ತಂದು ಅತ್ತೆಯ ಮುಂದೆ ಇಟ್ಟಳು.

ಮನೆಯ ಭತ್ತ ತುಂಬಿ ನೋಡಿದೆವು. ಬಟ್ಟೆ ತೂರಿ ಚುಚ್ಚುತ್ತಿತ್ತು. ಅವ್ವನಿಗೆ ಫೋನು ಮಾಡಿದೆ. ಅವಳು ನುಣ್ಣಗಿನ ಬಿಳಿಜೋಳ ಆರಿಸಿ ಮಸ್ಕಿಯವರೆಗೆ ಬಸ್ಸಿನಲ್ಲಿ ಕಳಿಸಿದಳು. "ಗಿಲಕಿ ಮುಗದು ಈಗ ಜ್ವಾಳದ ವ್ಯಾಪಾರ!" ಎಂದ ಮಾವ, ಆದರೆ ಚೀಲವನ್ನು ತಾನೇ ಹೆಗಲ ಮೇಲೆ ಹೊತ್ತು ಬಸ್ಸಿಗೇರಿಸಿದ. ಮೊದಲು ಹೊಲಿದ ಚೌಕ ಅಲ್ಲಾಡಿಸಿದರೆ ಸರಸರ ಎನ್ನುತ್ತಿತ್ತು. ಬಿಚ್ಚಿಸಿದೆ. ದುರುಗಮ್ಮ ಬೈದಳು. ಬಿಗಿಯಾಗಿ ತುಂಬಿ ಮತ್ತೆ ಹೊಲಿದಳು. ಕಿವಿಗೆ ಹಿಡಿದು ಅಲ್ಲಾಡಿಸಿದೆ, ಇನ್ನೂ ಸದ್ದು. ಮತ್ತೆ ಬಿಚ್ಚಿಸಿದೆ. ಮೂರನೆಯ ಸಲ ಅವಳೇ ಕಿವಿಗೆ ಹಿಡಿದು ನೋಡಿ, "ಈಗ ಬಿಲ್ಕುಲ್ ಇಲ್ಲ" ಎಂದಳು. ಕಾಳು ಬಾಯಿಗೆ ಸಿಗದಂತೆ ಎರಡು ಪದರ ಬಟ್ಟೆ. ಕೂಸು ಬೇಡವೆಂದಾಗ ತಾನೇ ಎತ್ತಿ ಸರಿಸುವಷ್ಟೇ ಭಾರ.

ಮೊದಲ ಎರಡು ದಿನ ರೇಣುಕಾ ಅದರ ಕಡೆ ತಿರುಗಲಿಲ್ಲ. ಹೊಲಿಗೆಗೆ ಹೋದದ್ದೂ ಸೇರಿ ವಾರದಲ್ಲಿ ನಾಲ್ಕು ದಿನ ಮುಗಿದಿದ್ದವು. ಐದನೆಯ ದಿನ ಊಟಕ್ಕೆಂದು ಹಗ್ಗ ಬಿಚ್ಚಿದಾಗ ಬಾಗಿಲ ಕಡೆ ಹೊರಟವಳು ಕೌದಿಯನ್ನು ತುಳಿದಳು. ನಿಂತಳು. ಇನ್ನೊಂದು ಕಾಲನ್ನೂ ಅದರ ಮೇಲೆ ಇಟ್ಟಳು. ಬಗ್ಗಿ ಅದರ ಅಂಚು ಹಿಡಿದು ಭತ್ತದ ಚೀಲಗಳವರೆಗೆ ದರದರ ಎಳೆದುಕೊಂಡು ಹೋಗಿ, ಗೋಡೆಗೆ ಒರಗಿ ಕುಳಿತು ತೊಡೆಯ ಮೇಲೆ ಹಾಕಿಕೊಂಡಳು. ಎರಡೂ ಅಂಗೈಗಳಿಂದ ಒತ್ತಿಕೊಂಡಳು.

ಹುಲಿಗೆಮ್ಮ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ತಟ್ಟೆ. ದುರುಗಮ್ಮ ನನ್ನ ರಟ್ಟೆ ಹಿಡಿದಿದ್ದಳು. ಬಾಗಿಲು ತೆರೆದೇ ಇತ್ತು, ಆಚೆ ಕಾಲುವೆ ಹೊಳೆಯುತ್ತಿತ್ತು. ಗದ್ದೆಯಿಂದ ನಾಟಿಯವರು ಕರೆದರು, ಇನ್ನೊಮ್ಮೆ ಕರೆದರು. ಯಾರೂ ಹೋಗಲಿಲ್ಲ. ತಟ್ಟೆಯ ಅನ್ನ ಆರಿತು. ಕೂಸು ಕುಳಿತೇ ಇತ್ತು.

"ಕುಂತಾಳಲ್ಲೋ," ಎಂದು ದುರುಗಮ್ಮ ಪಿಸುಗುಟ್ಟಿದಳು. "ಖರೇನ ಕುಂತಾಳ."

ಎಲ್ಲ ಸರಿಹೋಯಿತೆಂದು ಬರೆದರೆ ಮತ್ತೆ ಸುಳ್ಳು ಬರೆದಂತಾಗುತ್ತದೆ. ಕೆಲವು ದಿನ ಕೌದಿಯೂ ಬೇಡವಾಗುತ್ತಿತ್ತು. ಚಿಲಕವನ್ನು ಕೂಸಿನ ಕೈಗೆ ಎಟುಕದಷ್ಟು ಮೇಲೆ ಹಾಕಿಸಿದೆವು. ದೂರದಿಂದ ಕಾಣಲೆಂದು ಕಿತ್ತಳೆ ಬಣ್ಣದ ಫ್ರಾಕು ಹೊಲಿಸಿದರು, ಬಟ್ಟೆ ಒಗೆಯುವ ಹೆಂಗಸರಿಗೆಲ್ಲ ಆ ಬಣ್ಣ ಹೇಳಿಟ್ಟರು. ದುರುಗಮ್ಮ ಆ ವರ್ಷ ನಾಟಿ ಬಿಟ್ಟು ಮನೆಯಲ್ಲೇ ಉಳಿದಳು. ಹಗ್ಗ ಮಾತ್ರ ಮತ್ತೆ ಕೂಸಿನ ಸೊಂಟಕ್ಕೆ ಬರಲಿಲ್ಲ.

ಉಳಿದದ್ದು ಫೈಲು. "ಹುಚ್ಚ ಅದಿಯೇನಲೇ? ಗಂಟಿ ಹಾಳಿ ಕಿತ್ತು ಒಗಿ. ಕೌದಿದು ಅಷ್ಟ ಬರಿ, ಫಸ್ಟ್ ಕ್ಲಾಸ್ ಬರ್ತೈತಿ" ಎಂದರು ಜೊತೆಯ ಹುಡುಗರು. ಗಂಟೆ ಕಟ್ಟಿ ಮಗುವನ್ನು ಮುಳುಗಿಸುವುದರಲ್ಲಿದ್ದವನಿಗೆ ಯಾರು ಡಿಪ್ಲೊಮಾ ಕೊಟ್ಟಾರು? ಐದು ವರ್ಷದ ಓದು ಆ ಹಾಳೆಗಳ ಮೇಲೆ ನಿಂತಿತ್ತು. ಕೀಳಲು ಹಿಡಿದೂ ನೋಡಿದೆ. ನಾಳೆ ಇನ್ನಾವನೋ ಇನ್ನಾವುದೋ ಕೂಸಿನ ಕಾಲಿಗೆ ಇದೇ ಜಾಣತನ ಕಟ್ಟಿಯಾನು ಅನ್ನಿಸಿತು. 'ಇಪ್ಪತ್ತು ನಿಮಿಷ ಕುಳಿತಿತು' ಎಂಬುದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ 'ಕಾಲುವೆಯಲ್ಲಿ ನಿಂತಿತ್ತು' ಎಂದು ಬರೆದೆ. ಪ್ರತಿ ದಿನದ ಮುಂದೆಯೂ.

ಹೊರಗಿನಿಂದ ಬಂದ ಪರೀಕ್ಷಕರು ಆ ಪುಟದಲ್ಲಿ ಬಹಳ ಹೊತ್ತು ನಿಂತರು.

"ಗಂಟೆ ಕಟ್ಟಿದ್ದು ಯಾರು?"

"ನಾನೇ ಸರ್."

"ಗೆರೆ ಎಳೆದಿದ್ದು?"

"ಅದೂ ನಾನೇ."

ಕನ್ನಡಕ ತೆಗೆದು ಒರೆಸಿಕೊಂಡರು. ಫೈಲು ಮುಚ್ಚಿ, ಹೋಗಬಹುದು ಎಂದರು. ಫಲಿತಾಂಶ ಬರುವವರೆಗೆ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ.

ಮುಂದಿನ ಮಳೆಗಾಲದ ಹೊತ್ತಿಗೆ ಸಿಂಧನೂರಿನಲ್ಲಿ ಸರ್ಟಿಫಿಕೇಟು ಕೊಟ್ಟರು. ಅವ್ವ ಗುರುಗುಂಟಾದಿಂದ ಮೂರು ಬಸ್ಸು ಹತ್ತಿ ಇಳಿದು ಬಂದಿದ್ದಳು. ಮೇಡಂ ಹೆಸರು ಕರೆದು ನನ್ನ ಕೈಗಿಟ್ಟದ್ದನ್ನು ನಾನು ನೇರ ತಂದು ಅವಳ ಕೈಗಿಟ್ಟೆ. ಕೈಯನ್ನು ಸೆರಗಿಗೆ ಒರೆಸಿಕೊಂಡು ಹಿಡಿದಳು.

"ಏನ್ ಬರದಾರ, ಓದು."

ನನ್ನ ಹೆಸರು, ಅಪ್ಪನ ಹೆಸರು, ಪಾಸಾದ ದರ್ಜೆ ಓದಿದೆ.

"ಆ ಕೂಸಿನ ಹೆಸರಿಲ್ಲೇನು ಇದ್ರಾಗ?"

"ಇರಂಗಿಲ್ಲವ್ವ."

"ಈ ವರ್ಸ ಕಾಲುವಿಗಿ ನೀರು ಯಾವಾಗ ಬಿಡ್ತಾರ?"

"ಇವತ್ತ ಬಿಟ್ಟಾರಂತ."

ಅವ್ವ ಸರ್ಟಿಫಿಕೇಟನ್ನು ಮಡಚದೆ ನನ್ನ ಕೈಗೆ ವಾಪಸ್ಸು ಕೊಟ್ಟಳು.

"ಹಂಗಾರ ಊರಿಗಿ ನಾ ಒಬ್ಬಾಕಿನ ಹೋಗತೀನಿ. ನೀ ವಳಕಮದಿನ್ನಿ ಬಸ್ ಹತ್ತು."